ಬುಟ್ಟಿಯಲ್ಲಿ ಹೋದವಳು

ಆ ಮನೆಯಲ್ಲಿ ಕಥೆ ಹೇಳುವುದಕ್ಕೆ ಒಂದು ಕಟ್ಟಳೆ ಇತ್ತು. ಯಾರಿಗೆ ಆದದ್ದೋ ಅವರೇ ಹೇಳಬೇಕು. ಉಳಿದವರು ನಡುವೆ ಬಾಯಿ ಹಾಕುವಂತಿಲ್ಲ, ಹೂಂಗುಟ್ಟಬಹುದು, ಅಷ್ಟೆ. ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದ ಕಾಲದಲ್ಲಿ ಅಪ್ಪ ಮಾಡಿದ ಕಟ್ಟಳೆ ಅದು. ಒಂದು ಕಥೆಗೆ ನಾಲ್ಕು ಬಾಯಿ ಸೇರಿದರೆ ಊಟ ತಣ್ಣಗಾಗುತ್ತದೆ ಎಂಬುದು ಅವರ ವಾದ.

ಆ ಪ್ರಕಾರ ಬುಟ್ಟಿಯ ಕಥೆ ಅಕ್ಕನದು. ಅವಳಿಗೆ ಆಗ ಆರು ವರ್ಷ, ತಂಗಿಗೆ ನಾಲ್ಕು. ಚಳಿಯ ಒಂದು ಬೆಳಿಗ್ಗೆ, ಆಗಷ್ಟೇ ಇಸ್ತ್ರಿಯಾದ ಚಾದರಗಳು ಬೆಚ್ಚಗಿವೆಯೆಂದು ಅವಳು ಬೆತ್ತದ ದೊಡ್ಡ ಬುಟ್ಟಿಯೊಳಗೆ ಇಳಿದು, ಮೇಲೊಂದು ಚಾದರ ಎಳೆದುಕೊಂಡು ನಿದ್ದೆ ಹೋದಳು. ಅಪ್ಪ ನೋಡದೆ ಮುಚ್ಚಳ ಹಾಕಿ ಹಗ್ಗ ಬಿಗಿದರು. ಗಾಡಿಯವನು ಬುಟ್ಟಿಯನ್ನು ಹಲ್ಲಿನ ಡಾಕ್ಟರ ಮನೆಗೆ ಮುಟ್ಟಿಸಿದ. ಡಾಕ್ಟರ ಹೆಂಡತಿ ಮುಚ್ಚಳ ತೆಗೆದು, ತುಸು ಹೊತ್ತು ನೋಡಿ ಹೇಳಿದ ಮಾತು ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ: "ಇದೊಂದು ನಮ್ಮ ಮನೇದಲ್ಲಪ್ಪ, ವಾಪಸ್ ತಗೊಂಡು ಹೋಗು."

ಅಕ್ಕನಿಗೆ ಇದ್ದದ್ದು ಅದೊಂದೇ ಕಥೆ. ತಂಗಿ ಓದಿದಳು, ನಾಲ್ಕು ಕಡೆ ತಿರುಗಿದಳು, ಮಕ್ಕಳ ಪುಸ್ತಕ ಬರೆದು ಹೆಸರು ಮಾಡಿದಳು. ಅಪ್ಪ ಹೋದ ಮೇಲೆ ಅಕ್ಕ ಅಂಗಡಿ ನಡೆಸಿದಳು. ಬೇಸರವಾದಾಗ ಮಗಳನ್ನು ಕೂರಿಸಿಕೊಂಡು ಬುಟ್ಟಿಯ ಕಥೆ ಹೇಳುತ್ತಿದ್ದಳು. ಕೇಳುವವರು ನಗುತ್ತಾರೆ ಎಂಬುದು ಅವಳಿಗೆ ದೊಡ್ಡ ಆಸ್ತಿಯಾಗಿತ್ತು.

ಒಂದು ಸಂಜೆ ಅಕ್ಕ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಾಗ ಮಗಳು ಶಾಲೆಯಿಂದ ಬಂದವಳೇ ಚೀಲದಿಂದ ಹೊಸ ಪುಸ್ತಕ ತೆಗೆದಳು.

"ಚಿಕ್ಕಮ್ಮಂದು. ಕ್ಲಾಸಲ್ಲಿ ಎಲ್ಲರೂ ಓದಿದ್ರು. ಅಮ್ಮಾ, ನೀನು ಹೇಳ್ತೀಯಲ್ಲ ಬುಟ್ಟಿ ಕಥೆ, ಅದು ಚಿಕ್ಕಮ್ಮಂದು ಅಂತ ಯಾಕೆ ಹೇಳ್ಲಿಲ್ಲ?"

"ಯಾರಂದ್ರು ಚಿಕ್ಕಮ್ಮಂದು ಅಂತ?"

"ಇಲ್ಲೇ ಇದೆಯಲ್ಲ. 'ನಾನು' ಅಂತಾನೇ ಬರೆದಿದ್ದಾಳೆ."

ಅಕ್ಕ ಪುಟ ತಿರುಗಿಸಿದಳು. ಬುಟ್ಟಿಯಲ್ಲಿ ಮಲಗಿದ್ದ ಹುಡುಗಿಗೆ ತಂಗಿಯ ಗುಂಗುರು ಕೂದಲು. ಮುಂದಿನ ಪುಟದಲ್ಲಿ ಇನ್ನೊಬ್ಬಳು ಹುಡುಗಿ ಇಸ್ತ್ರಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಕೆಳಗೆ ಒಂದೇ ಸಾಲು: "ಅಕ್ಕ ಒಬ್ಬಳೇ ಅಂಗಡಿಯಲ್ಲಿ ಕೂತು ಅತ್ತಳು."

ಕಥೆ ಕದ್ದದ್ದಲ್ಲದೆ ತನ್ನನ್ನು ಅಳುಬುರುಕಿ ಮಾಡಿದ್ದಾಳೆ. ಅಕ್ಕ ಆ ಸಾಲನ್ನು ಮತ್ತೆ ಓದಿದಳು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಗಿರಾಕಿಯೊಬ್ಬರ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು ಮೂಡಿತ್ತು.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಕ್ಕನ ಅಮ್ಮ ಕನ್ನಡಕದ ಮೇಲಿಂದ ನೋಡಿದರು. "ಹೊಟ್ಟೆ ಉರಿ ಹೊಟ್ಟೇಲಿರ್ಲಿ. ಅಂಗಿಗ್ಯಾಕೆ ಹಚ್ತೀಯ?"

"ಹೊಟ್ಟೆ ಉರಿ ಅಲ್ಲ. ಸುಳ್ಳು ಬರೆದಿದ್ದಾಳೆ, ಅದಕ್ಕೆ."

"ಅದೇ ನಾನೂ ಹೇಳಿದ್ದು," ಎಂದು ಅಮ್ಮ ಮತ್ತೆ ಸೂಜಿಗೆ ದಾರ ಹಾಕಿದರು.

ಭಾನುವಾರ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ತಂಗಿ ಪುಸ್ತಕ ಓದುವುದಿತ್ತು. ಅಕ್ಕ ಮಗಳನ್ನು ಕರೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಎಲ್ಲರೆದುರು ಎದ್ದು ನಿಂತು ಕಥೆ ತನ್ನದೆಂದು ಹೇಳುವುದು, ಮಗಳು ಅದನ್ನು ಕೇಳಿಸಿಕೊಳ್ಳುವುದು, ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ತಂಗಿ ಚೆನ್ನಾಗಿ ಓದಿದಳು. ಅದು ಅಕ್ಕನಿಗೆ ಇನ್ನಷ್ಟು ಚುಚ್ಚಿತು. ಡಾಕ್ಟರ ಹೆಂಡತಿಯ ಮಾತಿಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಕ್ಕ ಹೇಳುವಾಗ ಯಾರೂ ಅಷ್ಟು ನಕ್ಕಿರಲಿಲ್ಲ. ಓದು ಮುಗಿದ ಮೇಲೆ ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಬುಟ್ಟಿ ಒಳಗೆ ಏನು ಕಾಣ್ತಿತ್ತು?"

"ಏನಿಲ್ಲ ಪುಟ್ಟಿ, ಬರೀ ಕತ್ತಲು."

"ಕತ್ತಲಿರಲಿಲ್ಲ," ಎಂದು ಅಕ್ಕ ಎದ್ದಳು. "ಬೆತ್ತದ ಸಂದಿಯಿಂದ ಬಿಸಿಲು ಬರ್ತಿತ್ತು. ಚಾದರದ ಮೇಲೆಲ್ಲ ಚೌಕ ಚೌಕ ಬೆಳಕು. ಗಾಡಿ ಕುಲುಕಿದಾಗ ಚೌಕಗಳೂ ಕುಣೀತಿದ್ವು. ದಾರೀಲೇ ನಂಗೆ ಎಚ್ಚರ ಆಯ್ತು. ಕೂಗೋಣ ಅನ್ನಿಸಲೇ ಇಲ್ಲ, ಅಷ್ಟು ಬೆಚ್ಚಗಿತ್ತು."

"ನಿಮಗೆ ಹೇಗೆ ಗೊತ್ತು?"

"ಬುಟ್ಟೀಲಿ ಇದ್ದದ್ದು ನಾನು."

ಹುಡುಗಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬುಟ್ಟೀಲಿ ನೀವು ಹಿಡೀತೀರಾ?"

ಕೋಣೆಯೆಲ್ಲ ನಕ್ಕಿತು. ತಂಗಿ ನಗಲಿಲ್ಲ. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಅಕ್ಕ ಹೇಳಿದ್ದೇ ಸರಿ. ಬುಟ್ಟಿ ಅವಳದು."

ಮಗಳು ತಿರುಗಿ ಅಕ್ಕನ ಮುಖ ನೋಡಿದಳು. ಅಕ್ಕ ಬಂದ ಕೆಲಸ ಆಗಿತ್ತು. ಅವಳು ಕೂರುವಷ್ಟರಲ್ಲಿ ಹಲ್ಲು ಬಿದ್ದ ಹುಡುಗಿ ತಂಗಿಯನ್ನು ಕೇಳಿದಳು: "ಹಾಗಾದ್ರೆ ಆವಾಗ ನೀವೆಲ್ಲಿದ್ರಿ?"

"ಮೇಜಿನ ಮೇಲೆ. ಅಕ್ಕ ಕಾಣಿಸ್ತಿಲ್ಲ ಅಂತ ಗಲಾಟೆ ಆಯ್ತು. ನೆಲದ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಇತ್ತು. ಸುಟ್ಕೋತಾಳೆ ಅಂತ ಅಮ್ಮ ನನ್ನ ಎತ್ತಿ ಮೇಜಿನ ಮೇಲೆ ಕೂರಿಸಿ, ಇಳೀಬೇಡ ಅಂತ ಹೇಳಿ ಓಡಿದ್ರು. ಅಪ್ಪಾನೂ ಓಡಿದ್ರು. ಬೀದಿಯವರೂ ಓಡಿದ್ರು. ಮೇಜು ಎತ್ತರ, ಇಳಿಯೋಕೆ ಬರ್ತಿರಲಿಲ್ಲ. ಆಮೇಲೆ ಪ್ಯಾಂಟು ತಗೊಳ್ಳೋಕೆ ಒಬ್ಬರು ಬಂದ್ರು. ಬಾಗಿಲಲ್ಲೇ ನಿಂತು, ಅಂಗಡೀಲಿ ಯಾರೂ ಇಲ್ವಾ ಅಂದ್ರು."

"ನೀವು ಏನಂದ್ರಿ?"

"ಯಾರೂ ಇಲ್ಲ ಅಂದೆ. ಸರಿ ಅಂತ ಹೊರಟುಹೋದ್ರು."

ಈ ಸಲ ಯಾರೂ ನಗಲಿಲ್ಲ. ಅಕ್ಕನ ಮಗಳು ಯಾವಾಗಲೋ ಎದ್ದು ಹೋಗಿ ಮೊದಲ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು.

"ಅಕ್ಕ ವಾಪಸ್ ಬಂದಾಗ ಎಲ್ಲರೂ ಅವಳನ್ನ ಎತ್ತಿ ಮುದ್ದಾಡಿದ್ರು. ನಾನು ಮೇಜಿನ ಮೇಲೇ ಇದ್ದೆ. ನಂಗೂ ಆ ಬುಟ್ಟೀಲಿ ಹೋಗ್ಬೇಕಿತ್ತು. ಆವತ್ತು ಆಗ್ಲಿಲ್ಲ, ಬರೆಯೋವಾಗ ಹೋದೆ."

ಅಕ್ಕ ಇಷ್ಟು ವರ್ಷದಲ್ಲಿ ಇದನ್ನು ಕೇಳಿರಲಿಲ್ಲ. ಪಾಪ ಅನ್ನಿಸಿತು. ಬೆನ್ನಿಗೇ ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು, ಮೊದಲಿಗಿಂತ ಜೋರಾಗಿ. ತಂಗಿಯ ಬಳಿ ಇದ್ದದ್ದು ಬುಟ್ಟಿಗಿಂತ ಒಳ್ಳೆಯ ಕಥೆ. ಅದರಲ್ಲಿ ತಿದ್ದುವುದಕ್ಕೆ ಒಂದು ತಪ್ಪನ್ನಾದರೂ ಹುಡುಕಿದಳು. ಸಿಗಲಿಲ್ಲ, ಆ ಹೊತ್ತಿನಲ್ಲಿ ಅವಳು ಅಂಗಡಿಯಲ್ಲಿರಲಿಲ್ಲ, ಬೆಚ್ಚಗೆ ಗಾಡಿಯಲ್ಲಿ ಹೋಗುತ್ತಿದ್ದಳು.

"ಆಮೇಲೆ? ಯಾರು ಇಳಿಸಿದ್ರು ಚಿಕ್ಕಮ್ಮ?" ಎಂದು ಮಗಳು ಕೇಳಿದಳು.

ತಂಗಿ ಉತ್ತರಿಸುವ ಮೊದಲು ಕೊನೆಯ ಸಾಲಿನತ್ತ ನೋಡಿ ಕಾದಳು. ಮೇಜಿನ ಕಥೆ ಯಾರದೆಂದು ಇಬ್ಬರಿಗೂ ಗೊತ್ತಿತ್ತು, ಕಟ್ಟಳೆಯೂ ಗೊತ್ತಿತ್ತು.

"ಹೂಂ," ಎಂದಳು ಅಕ್ಕ.