ಕೈ ಮೊದಲು ಹೋದ ಹೂವು

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಜೋಗುಪಾಳ್ಯದ ಹೊಂಗೆಮರದಡಿ, ಚಿಕ್ಕಮುನಿಯಮ್ಮನ ಹೂವಿನ ಬುಟ್ಟಿಯ ಪಕ್ಕ, ಮೊಮ್ಮಗಳು ತೇಜಶ್ರೀ ಸ್ಲೇಟಿನ ಮುಂದೆ ಕೂತಿದ್ದಳು. ಭಾನುವಾರ ವಸತಿ ಶಾಲೆಯ ಪರೀಕ್ಷೆ. ಪಾಸಾದರೆ ಆರನೇ ಕ್ಲಾಸಿನಿಂದ ಕೋಲಾರದ ಕಡೆ, ಊಟ ಓದು ಎಲ್ಲ ಅಲ್ಲೇ. ಹುಡುಗಿ ಇಂಗ್ಲಿಷಿನಲ್ಲಿ ಹಿಂದೆ ಎಂದು ಪಕ್ಕದ ಮನೆಯ ಸಂಘಮಿತ್ರಾ ದಿನಾ ಕೆಲಸ ಮುಗಿಸಿ ಬರುವಾಗ ಅಲ್ಲೇ ಕೂತು ಪಾಠ ಹೇಳುತ್ತಿದ್ದಳು.

"ಹೆಸರು ಹೇಳೋ ಪದದ ಮೇಲೆ ಸೇವಂತಿಗೆ. ಮಾಡೋ ಕೆಲಸಕ್ಕೆ ಮಲ್ಲಿಗೆ. ಎಂಥದ್ದು ಅಂತ ಹೇಳೋ ಪದಕ್ಕೆ ಕನಕಾಂಬರ. ಇಡು ನೋಡೋಣ," ಎಂದು ಸಂಘಮಿತ್ರಾ ಸ್ಲೇಟಿನ ಮೇಲೆ ಬರೆದದ್ದನ್ನು ಓದಿದಳು: "ಬ್ಲ್ಯಾಕ್ ಡಾಗ್ಸ್ ಬಾರ್ಕ್."

ತೇಜಶ್ರೀ 'ಡಾಗ್ಸ್' ಮೇಲೆ ಮಲ್ಲಿಗೆ ಇಟ್ಟಳು. 'ಬಾರ್ಕ್' ಮೇಲೆ ಕನಕಾಂಬರ.

"ಅಯ್ಯೋ, ನಾಯಿ ಅನ್ನೋದು ಕೆಲಸಾನೇನೇ? ಹೋದ ವಾರ ಎಲ್ಲಾ ಸರಿಯಾಗಿಟ್ಟಿದ್ದೆ. ಹಿಂಗಾದ್ರೆ ಭಾನುವಾರ ಹೋಗೋದೇ ಬೇಡ ಬಿಡು."

"ಬೇಡ್ವಾ ಅಕ್ಕಾ?" ಹುಡುಗಿ ಥಟ್ಟನೆ ತಲೆಯೆತ್ತಿದಳು.

ಚಿಕ್ಕಮುನಿಯಮ್ಮನಿಗೆ ಅಕ್ಷರ ಬಾರದು. ಆದರೆ ಹೂ ಕಟ್ಟುವ ಕೈಗಳನ್ನು ಜೀವಮಾನವೆಲ್ಲ ನೋಡಿದವಳು. ಗೊತ್ತಿಲ್ಲದ ಕೈ ತಡಕಾಡುತ್ತದೆ. ಈ ಕೈ ನೆಟ್ಟಗೆ ಒಂದು ಹೂವಿಗೆ ಹೋಗಿ, ಮುಟ್ಟಿ, ಬಿಟ್ಟು, ಇನ್ನೊಂದನ್ನು ಎತ್ತುತ್ತಿತ್ತು. ಪ್ರತಿ ಸಲವೂ ಹಾಗೇ.

"ತೇಜೂ, ಮೊದ್ಲು ಮುಟ್ಟಿದ ಹೂವೇ ಇಡು."

"ಯಾವ್ದು ಅಜ್ಜಿ?"

"ನಂಗೇನ್ ಗೊತ್ತು? ನಿಂಗ್ ಗೊತ್ತು."

ಹುಡುಗಿ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟಳು. "ನಾನ್ ಹೋದ್ರೆ ಹೂವು ಯಾರ್ ಕಟ್ತಾರೆ? ಮಡಚೋಕೇ ಬರ್ದಿರೋ ನಿನ್ ಬೆರಳಾ?"

ದೀಪಾವಳಿಯಿಂದ ಈಚೆಗೆ ದಿನಾ ಶಾಲೆ ಮುಗಿಸಿ ಬಂದು ಮಾರುಗಟ್ಟಲೆ ಹೂ ಕಟ್ಟುತ್ತಿದ್ದವಳು ಅವಳೇ. ಅವಳ ತಾಯಿ ಸತ್ತ ಮೇಲೆ ಅಜ್ಜಿ ಮೊಮ್ಮಗಳು ಒಬ್ಬರಿಗೊಬ್ಬರೇ.

ಚಿಕ್ಕಮುನಿಯಮ್ಮ ರಸ್ತೆಯಾಚೆ ಬಿಸಿಲಲ್ಲಿ ಗೋಣಿ ಹಾಸಿ ಸೊಪ್ಪು ಮಾರುತ್ತಿದ್ದ ಯಾದಗಿರಿ ಕಡೆಯ ಸಾಬಮ್ಮನನ್ನು ಕೂಗಿದಳು.

"ಸಾಬಮ್ಮಾ, ಈ ಜಾಗ ಕೇಳ್ತಿದ್ದೆಯಲ್ಲ? ನಾಳೆಯಿಂದ ನೀನೇ ಕೂತ್ಕೊ."

"ಚ್ಯಾಷ್ಟಿ ಮಾಡಬ್ಯಾಡ್ರಿ ಯಮ್ಮಾ. ಹ್ವಾದ ವರ್ಷ ಕೇಳಿದ್ರ ಬುಟ್ಟಿ ಎತ್ಕೊಂಡು ಹೊಡ್ಯಾಕ ಬಂದಿದ್ರಿ!"

"ಈಗ ಕೊಡ್ತಾ ಇದ್ದೀನಿ. ನಂಗೊಂದು ಮೂಲೆ ಬಿಡು ಸಾಕು. ನಿಂಬೆಹಣ್ಣು ಇಟ್ಕೋತೀನಿ. ಅದನ್ನೇನ್ ಕಟ್ಟಬೇಕಾಗಿಲ್ಲ."

"ಅಜ್ಜೀ, ಬೇಡ! ಅದು ತಾತ ಹಿಡಿದಿದ್ದ ಜಾಗ."

"ಕೊಟ್ಟಾಯ್ತು. ಇನ್ಮೇಲೆ ಕಟ್ಟೋಕೆ ಹೂವೇ ಇಲ್ಲ. ಈಗ ಇಡು."

ತೇಜಶ್ರೀ ಸ್ಲೇಟಿನ ಮೇಲಿದ್ದುದನ್ನೆಲ್ಲ ಬಾಚಿ ಎಸೆದಳು. ಸಂಘಮಿತ್ರಾ ಎತ್ತಿಕೊಡಲು ಬಾಗಿದಾಗ ಮುದುಕಿ ಕಣ್ಣಲ್ಲೇ ತಡೆದಳು. ಬೀದಿದೀಪ ಹೊತ್ತಿತು. ಆಮೇಲೆ ಹುಡುಗಿ ಮೂಗು ಒರೆಸಿಕೊಂಡು, ತಾನೇ ಹೂ ಆರಿಸಿ, 'ಬ್ಲ್ಯಾಕ್' ಮೇಲೆ ಕನಕಾಂಬರ, 'ಡಾಗ್ಸ್' ಮೇಲೆ ಸೇವಂತಿಗೆ, 'ಬಾರ್ಕ್' ಮೇಲೆ ಮಲ್ಲಿಗೆ ಇಟ್ಟಳು. ಅಜ್ಜಿಯ ಕಡೆ ನೋಡಲಿಲ್ಲ.

"ಇನ್ನೊಂದು ಬರೀರಿ ಅಕ್ಕಾ," ಎಂದಳು.

ಪರೀಕ್ಷೆ ಆಯಿತು, ಸೀಟೂ ಸಿಕ್ಕಿತು. ಜೂನ್ ತಿಂಗಳ ಬೆಳಗ್ಗೆ ಕೆ.ಆರ್. ಪುರದಲ್ಲಿ ಕೋಲಾರದ ಬಸ್ಸು ಹತ್ತಿದ ತೇಜಶ್ರೀ ಕಿಟಕಿಯಿಂದ ಹೊರಗೆ ಬಾಗಿದಾಗ, "ತಲೆ ಒಳಗ್ ತಗೋಮ್ಮಾ," ಎಂದು ಕಂಡಕ್ಟರ್ ಗದರಿದ. ಬಸ್ಸು ಹೋಯಿತು. ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ನಿಂತು, ಜನ ನುಗ್ಗಿ ಇಳಿಯತೊಡಗಿದರು. ಚಿಕ್ಕಮುನಿಯಮ್ಮ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.