ಕೊನೆಯ ಕರಿ ಅಲ್ಪಾಕಾ

ಮೈದುನನ ಕೈಯಿಂದ ಹಗ್ಗ ಕಿತ್ತುಕೊಂಡು ಸತುರ್ನೀನಾ ಉದ್ದ ಕತ್ತಿನ, ಉಣ್ಣೆ ತುಂಬಿದ ಕರಿ ಅಲ್ಪಾಕಾಕ್ಕೆ ಅಡ್ಡ ನಿಂತಳು.

"ಇವಳನ್ನ ಮುಟ್ಟು ನೋಡೋಣ ಇಸಿದ್ರೊ. ಇವತ್ತು ಒಂದಲ್ಲ, ಎರಡು ಹೆಣ ಎತ್ಬೇಕಾಗತ್ತೆ."

"ಅತ್ತಿಗೆ, ಊರು ನೋಡ್ತಿದೆ."

"ನೋಡ್ಲಿ. ಊರಿಗೇನು ಕಣ್ಣಿಲ್ವಾ?"

ಅಂಗಳದಲ್ಲಿ ಕೋಕಾ ಎಲೆ ಜಗಿಯುತ್ತಿದ್ದವರ ದವಡೆಗಳು ನಿಂತವು. ಒಳಗೆ ಅವಳ ಗಂಡ ಮೆಲಿತೋನ್ ಹೆಣದ ಪೆಟ್ಟಿಗೆಯಲ್ಲಿ ಮಲಗಿದ್ದ. ಎದೆಗೆ ನೆಗಡಿ ಇಳಿದದ್ದೇ ನೆಪ, ವಾರ ತುಂಬುವುದರೊಳಗೆ ಹೋಗಿಬಿಟ್ಟಿದ್ದ. ಸತ್ತವರ ದಾರಿ ದೂರದ್ದು. ಬುತ್ತಿ, ಬಟ್ಟೆ, ಕಂಬಳಿ ಹೊರಲು ಒಂದು ಪ್ರಾಣಿಯನ್ನು ಕೊಂದು ಜೊತೆಗೆ ಕಳಿಸಬೇಕು. ಅದು ಕಪ್ಪಗಿರಬೇಕು, ಬಿಳಿಯದಕ್ಕೆ ಆ ಕತ್ತಲೆಯ ದಾರಿ ಕಾಣುವುದಿಲ್ಲ. ಆದರೆ ಊರಿನ ಯಾವ ದೊಡ್ಡಿ ನೋಡಿದರೂ ಆಲಿಕಲ್ಲು ಸುರಿದ ಹಾಗೆ ಬರೀ ಬಿಳಿ. ದೂರದ ಕಣಿವೆಯಿಂದ ಕರಿಯದನ್ನು ತರುವತನಕ ಹೆಣ ಕಾಯುವುದಿಲ್ಲ. ಮೇಲಿನ ಹುಲ್ಲುಗಾವಲಿನಲ್ಲಿರುವ ಸತುರ್ನೀನಾಳ ತಂಗಿ ಬ್ರಿಹಿದಾ, ಭಾವನ ಮೇಲಿನ ಮರ್ಯಾದೆಗೆ, ತಾನೇ ಇದನ್ನು ಹೊಡೆದುಕೊಂಡು ಬಂದಿದ್ದಳು.

"ನಿಂಗ್ಯಾರೇ ತಾ ಅಂದಿದ್ದು?" ಸತುರ್ನೀನಾ ಅವಳ ಮೇಲೂ ಹರಿಹಾಯ್ದಳು. "ಗಬ್ಬದ್ದು ಕಣೇ ಇದು!"

"ಗಬ್ಬ ಆದ್ರೇನು, ಕಪ್ಪು ತಾನೆ?" ಎಂದ ಇಸಿದ್ರೊ.

"ಊರಲ್ಲಿ ಕಪ್ಪೇ ಇಲ್ದಂಗೆ ಮಾಡಿದ್ದು ಯಾರು? ಒಳಗೆ ಮಲಗಿದಾನಲ್ಲ, ಹೋಗಿ ನಿಮ್ಮಣ್ಣನ್ನೇ ಕೇಳು!"

*

ಮೆಲಿತೋನ್ ಕೆಳಗಿನ ಬಯಲಿನ ತಳಿ ಕೇಂದ್ರದಲ್ಲಿ ಕೆಲಸಕ್ಕಿದ್ದ. ಚರ್ಮ ಹೊದಿಸಿದ ಮರದ ಹೆಣ್ಣುಬೊಂಬೆಯ ಮೇಲೆ ಗಂಡು ಅಲ್ಪಾಕಾವನ್ನು ಹತ್ತಿಸಿ ವೀರ್ಯ ಹಿಡಿದು, ಡಬ್ಬಿಯಲ್ಲಿ ಗುಡ್ಡದ ಊರುಗಳಿಗೆ ಹೊತ್ತು ಹೆಣ್ಣುಗಳಿಗೆ ಹಾಕುವ ಕೆಲಸ. ಹೋರಿಯ ಹಾಗೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಸುವ ಜಾತಿಯಲ್ಲ ಅದು. ಗಂಟಲಲ್ಲೇ ಗುರುಗುಡುತ್ತಾ, ಬಿಸಿಲು ಸರಿಯುವವರೆಗೂ ಕೂತಿರುತ್ತದೆ. ಬಂದದ್ದಾದರೂ ನೀರಾಗಿರುವುದಿಲ್ಲ, ಮೊಟ್ಟೆಯ ಬಿಳಿಯಂತೆ ಎಳೆ ಎಳೆ. ಅದನ್ನು ಸಿರಿಂಜಿಗೆ ಎಳೆದು, ಬಿಟ್ಟು, ಮತ್ತೆ ಎಳೆದು, ಎಳೆ ಹರಿಯುವತನಕ ತೆಳುಮಾಡಬೇಕು. ಅವಸರಪಟ್ಟರೆ ಒಳಗಿನ ಜೀವ ಸಾಯುತ್ತದೆ. ಮನೆಯಲ್ಲಿ ಬೂಟಿನ ಗಂಟು ಬಿಚ್ಚುವಷ್ಟೂ ತಾಳ್ಮೆಯಿಲ್ಲದ ಮೆಲಿತೋನನಿಗೆ ಅಲ್ಲಿ ಅದೆಲ್ಲಿಂದ ಬರುತ್ತಿತ್ತೋ.

ಒಂದು ವರ್ಷ ಸತುರ್ನೀನಾ ತನ್ನ ತವರಿನ ಕರಿ ಗಂಡು ಅಲ್ಪಾಕಾವನ್ನು, ಅದರದ್ದೂ ವೀರ್ಯ ಹಿಡಿಯಲೆಂದು, ನಡೆಸಿಕೊಂಡು ಅಲ್ಲಿಗೇ ಹೋಗಿದ್ದಳು.

"ಓಹೋ, ಬೀಗರು ಬಂದ್ರು!" ಎಂದು ಅವನು ನಕ್ಕಿದ್ದ. ಹಿಡಿದ, ತೆಳುಮಾಡಿದ, ಕೆಡದಿರಲೆಂದು ಮೊಟ್ಟೆಯ ಹಳದಿ ಬೆರೆಸಿದ. ಹೆಂಡತಿಯ ತಲೆಯನ್ನು ಸೂಕ್ಷ್ಮದರ್ಶಕಕ್ಕೆ ಬಗ್ಗಿಸಿ, "ನೋಡೇ, ನಿನ್ನ ಕರಿಯನ ಸಂಸಾರ" ಎಂದ. ಮೀನಿನ ಮರಿಗಳಂತೆ ಏನೇನೋ ಮಿಸುಕಾಡುತ್ತಿದ್ದವು.

"ಇದ್ರಲ್ಲಿ ಕರಿಯವು ಯಾವು?"

"ಇಲ್ಲಿ ಎಲ್ಲಾ ಒಂದೇ ಬಣ್ಣ ಕಣೇ."

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ಇಂಜಿನಿಯರ್ ಪಾರೇದೆಸ್ ಬಾಗಿಲಲ್ಲಿ ನಿಂತಿದ್ದರು. "ಮೆಲಿತೋನ್, ಬಣ್ಣದ್ದು ಬೇಡ ಅಂತ ಎಷ್ಟು ಸಲ ಹೇಳ್ಬೇಕು? ಗಿರಣಿಯೋರು ಕೇಳೋದು ಬಿಳಿ ಉಣ್ಣೆ. ಚೆಲ್ಲು."

ಅವನು ಅವಳ ಮುಖ ನೋಡಲಿಲ್ಲ. ನಲ್ಲಿ ತಿರುಗಿಸಿ ಕೊಳವೆ ತೊಳೆದ. ಆ ಸುಗ್ಗಿಯಲ್ಲೇ ಕರಿಯನ ಬೀಜವನ್ನೂ ಒಡೆಸಿದ. "ಎಲ್ಲರ ಮನೇಲಿ ಮಾಡಿಸಿ ನಮ್ಮನೇದು ಬಿಟ್ರೆ ಜನ ಏನಂತಾರೆ?" ಎಂದ. ಕರಿಯನಿಗೆ ಮೊದಲೇ ಹುಟ್ಟಿದ್ದ ಹೆಣ್ಣುಮರಿಯನ್ನು ಸತುರ್ನೀನಾ ಹೇಳದೆ ಕೇಳದೆ ತಂಗಿಯ ಹತ್ತಿರ ಸಾಗಿಸಿದ್ದಳು. ಅದೇ ಈಗ ಬೆಳೆದು, ದೂರದ ಕಣಿವೆಯ ಕರಿ ಗಂಡಿಗೆ ಕೂಡಿ, ಮೊದಲ ಗಬ್ಬ ಹೊತ್ತಿತ್ತು.

*

ಹೂವಿನ ಚಕ್ರ ಹಿಡಿದು ಬಂದ ಪಾರೇದೆಸ್ ಟೋಪಿ ತೆಗೆದರು. "ಚಿನ್ನದಂಥ ಮನುಷ್ಯನಮ್ಮಾ. ಏನು ಹೇಳಿದ್ರೂ ಒಂದು ದಿನ ಆಗಲ್ಲ ಅಂದವನಲ್ಲ."

"ಹೌದು ಸ್ವಾಮಿ. ಅದೇ ಅವನಿಗಿದ್ದ ರೋಗ."

ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿದಂತೆ ಮಾಡಿದರು.

"ಬಿಳೀದಕ್ಕೆ ಮಸಿ ಬಳಿದ್ರೆ?" ಎಂದ ನೆರೆಮನೆಯವ.

"ಸತ್ತೋನಿಗೂ ಟೋಪಿ ಹಾಕ್ತೀರೇನ್ರೋ!" ಬ್ರಿಹಿದಾ ಗದರಿದಳು.

ಇಸಿದ್ರೊ ಜಗಲಿಯ ಮೇಲೆ ಕುಸಿದ. "ಹಂಗಾದ್ರೆ ಅಣ್ಣ ಹೆಂಗೆ ಹೋಗ್ಬೇಕು ಅತ್ತಿಗೆ? ಅಷ್ಟು ದೂರ, ಅಷ್ಟು ಚಳಿ. ಅವನ ಮೂಟೆ ಯಾರು ಹೊರ್ತಾರೆ?"

ಸತುರ್ನೀನಾ ಹಗ್ಗವನ್ನು ತಂಗಿಯ ಕೈಗೆ ತುರುಕಿದಳು. "ಮೇಲಕ್ಕೆ ಹೊಡ್ಕೊಂಡು ಹೋಗು. ಯಾರು ಕರೆದ್ರೂ ನಿಲ್ಬೇಡ."

ಒಳಗೆ ಹೋಗಿ ಒಣಗಿಸಿದ ಆಲೂಗಡ್ಡೆ, ಕೋಕಾ ಎಲೆ, ಮಾಸದ ಅಂಗಿ, ಕಂಬಳಿ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿದಳು.

"ಬಾರೋ ಇಸಿದ್ರೊ, ನಿಮ್ಮಣ್ಣನ ಭುಜ ಎತ್ತಿ ಹಿಡಿ."

"ಏನ್ಮಾಡ್ತೀಯಾ?"

"ಇನ್ನೊಬ್ಬರ ಬಿಳಿ ಬೀಜದ ಡಬ್ಬಿ ಬೆನ್ನಿಗೆ ಕಟ್ಕೊಂಡು ಈ ಗುಡ್ಡ ಎಲ್ಲಾ ಹತ್ತಿದ್ನಲ್ಲ. ಇದು ಅವನದೇ ಹೊರೆ. ಹೊರ್ಲಿ."

ಮೂಟೆಯನ್ನು ಅವನ ಬೆನ್ನಿಗಿಟ್ಟು, ಬಟ್ಟೆಯ ಒಂದು ತುದಿಯನ್ನು ಹೆಗಲ ಮೇಲಿಂದ, ಇನ್ನೊಂದನ್ನು ಕಂಕುಳಡಿಯಿಂದ ತಂದು ಎದೆಯ ಮೇಲೆ ಗಂಟು ಹಾಕಿದಳು. ಹಲ್ಲು ಕಚ್ಚಿ ಬಿಗಿದಳು. ಗಂಟು ಕತ್ತಿನ ಮೂಳೆಗೆ ಒತ್ತುತ್ತಿದ್ದುದನ್ನು ಕಂಡು ಬಿಚ್ಚಿ, ಬೈಯುತ್ತಲೇ, ನಾಲ್ಕು ಬೆರಳು ಕೆಳಗಿಳಿಸಿ ಮತ್ತೆ ಕಟ್ಟಿದಳು.

ಮುಚ್ಚಳ ಕೂರಲಿಲ್ಲ. ಮೊಳೆ ಹೊಡೆಯಲು ಮಂಡಿಯೂರಿ ಒತ್ತಲು ಹೋದವರನ್ನು ಅವಳು ತಳ್ಳಿದಳು. ಹಾಗೆಯೇ ಹಗ್ಗ ಬಿಗಿದು ನಾಲ್ವರು ಹೊತ್ತರು. ಅರೆತೆರೆದ ಪೆಟ್ಟಿಗೆಯೊಳಗೆ ಮೆಲಿತೋನ್, ಎದೆ ಮೇಲೆದ್ದು, ಗಲ್ಲ ತಗ್ಗಿ, ಏರಿನ ನಡುವೆ ದಣಿವಾರಿಸಿಕೊಂಡು ಇನ್ನೇನು ಎದ್ದು ನಡೆಯಲಿರುವವನ ಹಾಗೆ ಕಾಣುತ್ತಿದ್ದ.