ನನ್ನ ಬಾಯಲ್ಲಿದ್ದ ಕುಂಕುಮ

ಲಾರಿ, ಬಸ್ಸುಗಳ ಮುಂದಿನ ಗಾಜಿಗೆ ಗಾಯವಾದರೆ ಅದರೊಳಗೆ ಅಂಟು ತುಂಬುವ ಇಂಜೆಕ್ಟರ್ ನಾನು. ಹಿತ್ತಾಳೆಯ ಮೈ, ಒಳಗೆ ಉಕ್ಕಿನ ತಿರುಪು, ತುದಿಯಲ್ಲಿ ಕಡಲೆಕಾಳಿನಷ್ಟು ರಬ್ಬರ್ ಬಾಯಿ. ಪುಣೆಯ ಒಂದು ಲೇತ್ ಶೆಡ್ಡಿನಲ್ಲಿ ಹುಟ್ಟಿದೆ.

ನನ್ನನ್ನು ಆರಿಸಿದವರು ಮಾಬುಸಾಬ್. ಹೊಸಪೇಟೆ ಬೈಪಾಸಿನಲ್ಲಿ ಪಂಪಣ್ಣನ ಗ್ಲಾಸ್ ಅಂಗಡಿಯ ಹಳೆಯ ಕೆಲಸಗಾರ. ಅದು ಅದಿರು ಲಾರಿಗಳ ರಸ್ತೆ. ಮುಂದಿನ ಲಾರಿಯಿಂದ ಸಿಡಿದ ಕಲ್ಲು ಹಿಂದಿನ ಲಾರಿಯ ಗಾಜಿಗೆ ಬಡಿಯದ ದಿನವಿಲ್ಲ. ಸಾಮಾನು ಮಾರುವವನು ನನ್ನನ್ನೂ ಒಂದು ಪ್ಲಾಸ್ಟಿಕ್ ಸಿರಿಂಜನ್ನೂ ಮೇಜಿನ ಮೇಲಿಟ್ಟಾಗ ಪಂಪಣ್ಣ ಸಿರಿಂಜು ಎತ್ತಿಕೊಂಡ.

"ಅದು ಬರೀ ಅಂಟು ಸುರೀತತಿ ಅಣ್ಣಾ," ಎಂದರು ಮಾಬುಸಾಬ್. "ಇದು ಮೊದ್ಲು ಗಾಯದಾಗಿನ ಗಾಳಿ ಎಳೀತತಿ. ಗಾಳಿ ಹೊರಗ ಹೋಗ್ಲಿಲ್ಲಂದ್ರ ಅಂಟು ಒಳಗ ಹೋಗಂಗಿಲ್ಲ."

"ನೀ ಡಾಕ್ಟ್ರು ಆಗಬೇಕಿತ್ತು ನೋಡು," ಎಂದು ಪಂಪಣ್ಣ ನಕ್ಕ.

ಮಾಬುಸಾಬ್ ಒಂದು ತಿಂಗಳು ಗುಜರಿ ಗಾಜುಗಳ ಮೇಲೆ ಕಲಿತರು. ಸುತ್ತಿಗೆಯಿಂದ ತಾವೇ ಕಲ್ಲೇಟಿನಂಥ ಚುಕ್ಕೆ ಮಾಡುವರು, ತಾವೇ ತುಂಬುವರು. ಸೂಜಿಯಿಂದ ಕೆರೆದು, ಸ್ಪಿರಿಟ್ ಬಿಟ್ಟು, ಬಿಸಿಗಾಳಿ ಹಿಡಿದು ಗಾಯವನ್ನು ಒಣಗಿಸುವುದಕ್ಕೇ ಅರ್ಧ ಹೊತ್ತು. ಆಮೇಲೆ ನನ್ನ ಸರದಿ. ಡ್ರೈವರನ ಕಣ್ಣಿಗೆ ನೇರವಾಗಿ ಬರುವ ಚುಕ್ಕೆಯನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಎಷ್ಟು ಚೆನ್ನಾಗಿ ತುಂಬಿದರೂ ಅಲ್ಲಿ ಒಂದು ಮಸುಕು ಉಳಿಯುತ್ತದೆ, ಗಾಜನ್ನೇ ಬದಲಿಸಬೇಕು ಎನ್ನುವರು. ಪಂಪಣ್ಣ ಕಲಿತದ್ದು ಮೊಬೈಲಿನ ವಿಡಿಯೊ ನೋಡಿ. ಒಣಗಿಸುವ ಭಾಗ ಬಂದಾಗ ಬೆರಳಿನಿಂದ ಮುಂದಕ್ಕೆ ಓಡಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಆಯುಧಪೂಜೆಗೆ ಮಾಬುಸಾಬ್ ಇರಲಿಲ್ಲ. ತಂಗಿಯ ಮದುವೆಗೆಂದು ಗಂಗಾವತಿಗೆ ಹೋಗಿದ್ದರು. ಪಂಪಣ್ಣ ನಮ್ಮನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿದ. ನನ್ನ ಪಾಲಿನದು ನೇರ ಬಾಯಿಗೆ ಬಿತ್ತು. ಕೈ ಮುಗಿದ. ತೊಳೆಯಲಿಲ್ಲ.

ಮರುದಿನ ಓಬಳೇಶನ ಲಾರಿ ಬಂತು. ಚುಕ್ಕೆ ಸರಿಯಾಗಿ ಸ್ಟೇರಿಂಗಿನ ಎದುರಿಗಿತ್ತು. ಅವನ ಹೆಂಡತಿ ಹುಲಿಗೆಮ್ಮ ಹಿಂದಿನ ದಿನ ಲಾರಿಗೆ ಪೂಜೆ ಮಾಡಿ, ಆ ಚುಕ್ಕೆಗೂ ಒಂದು ಬೊಟ್ಟು ಇಟ್ಟಿದ್ದಳು.

"ಲೋಡು ಐತಿ ಅಣ್ಣಾ. ಆಗ್ತತೇನು?" ಎಂದು ಕೇಳಿದ ಓಬಳೇಶ.

"ಆಗ್ದ ಏನು. ಹತ್ತು ನಿಮಿಷ," ಎಂದ ಪಂಪಣ್ಣ.

ಸೂಜಿ ಡಬ್ಬಿಯಲ್ಲೇ ಉಳಿಯಿತು. ಸ್ಪಿರಿಟ್ಟಿನ ಮುಚ್ಚಳ ತೆಗೆಯಲಿಲ್ಲ. ಬಟ್ಟೆಯಿಂದ ಮೇಲೆ ಮೇಲೆ ಒರೆಸಿ ನನ್ನನ್ನು ಕೂರಿಸಿದ. ಬಾಯಿ ಕಟ್ಟಿತ್ತು, ನಾನು ಗಾಳಿ ಎಳೆಯುವುದಾದರೂ ಹೇಗೆ? ತಿರುಪು ಬಿಗಿಯಾದದ್ದು ಅವನ ಕೈಗೂ ಗೊತ್ತಾಗಿತ್ತು. ಕೊನೆಗೆ ನನ್ನನ್ನು ಕಿತ್ತು, ಗಾಯದ ಮೇಲೆ ಅಂಟು ಸವರಿ, ಅಂಟನ್ನು ಗಟ್ಟಿ ಮಾಡುವ ದೀಪ ಹಿಡಿದು, ಉಜ್ಜಿ ಹೊಳಪು ಬರಿಸಿದ. ನೋಡುವವರಿಗೆ ಗಾಜು ಸರಿಯಾಗಿತ್ತು.

ನಾಲ್ಕನೆಯ ಬೆಳಿಗ್ಗೆ ಓಬಳೇಶ ಸೂರ್ಯನಿಗೆ ಎದುರಾಗಿ ಹೋಗುತ್ತಿದ್ದ. ಚುಕ್ಕೆಯಿಂದ ಬಿರುಕೊಂದು ಗಾಜಿನ ಉದ್ದಕ್ಕೂ ಓಡಿ, ಬಿಸಿಲು ಅದರಲ್ಲಿ ಚೂರಾಗಿ ಕಣ್ಣಿಗೆ ಹೊಡೆಯಿತು. ಟೈರು ಬದಲಿಸಲು ನಿಂತಿದ್ದ ಟ್ಯಾಂಕರ್ ಅವನಿಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಡ್ರೈವರ್ ಉಳಿದು ಬಂದು ಇಷ್ಟು ಹೇಳಿದ. ಓಬಳೇಶ ಬರಲಿಲ್ಲ.

ಪಂಪಣ್ಣ ಅಂದೇ ಒಂದು ಮಾತು ಹುಟ್ಟಿಸಿದ. "ಅವ್ನ ಹೆಂಡ್ತಿ ಗಾಯದಾಗ ಕುಂಕುಮ ತುಂಬಿದ್ಲು. ಅಂಟು ಹೆಂಗ ಹಿಡೀತತಿ?"

ಲಾರಿ ಸ್ಟ್ಯಾಂಡಿನಲ್ಲಿ ಆ ಮಾತಿಗೆ ಕಾಲು ಬಂತು. ಗಂಡನನ್ನು ಕೈಯಾರೆ ಕಳೆದುಕೊಂಡಳು ಎಂದರು. ಅವಳ ಅತ್ತೆಯೂ ಅದನ್ನೇ ಅಂದಳಂತೆ. ಶೆಲ್ಫಿನಲ್ಲಿ ಮಲಗಿ ನಾನು ಎಲ್ಲವನ್ನೂ ಕೇಳಿದೆ. ಬಾಯಿದ್ದೂ ಮಾತಿಲ್ಲದವರ ಸಿಟ್ಟು ಎಂಥದೆಂದು ನನಗೆ ಅಂದು ತಿಳಿಯಿತು.

ಓಬಳೇಶ ಸತ್ತ ಹನ್ನೆರಡನೆಯ ದಿನ ಹುಲಿಗೆಮ್ಮ ಅಂಗಡಿಗೆ ಬಂದಳು. ಮಾಬುಸಾಬ್ ಹಿಂದಿನ ಸಂಜೆಯಷ್ಟೇ ಊರಿಂದ ಬಂದಿದ್ದರು.

"ನನಗೊಂದು ಹೇಳ್ರಿ," ಎಂದಳು. "ನಾ ಬೊಟ್ಟು ಇಟ್ಟಿದ್ದಕ್ಕ ಅವ ಹೋದ್ನೇನು?"

"ಈಗ ಅದೆಲ್ಲ ಯಾಕವ್ವಾ. ಹಣೇಬರಹ," ಎಂದ ಪಂಪಣ್ಣ.

ಮಾಬುಸಾಬ್ ನನ್ನನ್ನು ತೆಗೆದು ತಿರುಪು ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದರು. ತೂತು ಕೆಂಪಾಗಿ ಗಟ್ಟಿಕಟ್ಟಿತ್ತು.

"ಇದನ್ನ ಯಾರು ಹಚ್ಚಿದ್ದು ಅಣ್ಣಾ?"

"ಪೂಜಿ ಮಾಡಿದ್ದಪ. ಎಲ್ಲಾರೂ ಮಾಡ್ತಾರ."

"ಮಾಡ್ರಿ, ಬ್ಯಾಡ ಅಂದೋರು ಯಾರು. ತೊಳೀಬೇಕಿತ್ತು." ಮಾಬುಸಾಬ್ ಹುಲಿಗೆಮ್ಮನ ಕಡೆ ತಿರುಗಿದರು. "ತಂಗೀ, ಗಾಯದಾಗ ಮಣ್ಣಿರ್ಲಿ, ಕುಂಕುಮ ಇರ್ಲಿ, ತೆಗಿಯೋದು ನಮ್ಮ ಕೆಲಸ. ದಿನಾ ತೆಗೀತೀವಿ. ಸ್ಟೇರಿಂಗಿನ ಎದುರಿಗಿದ್ದ ಆ ಚುಕ್ಕೀನಂತೂ ಮುಟ್ಟಲೇಬಾರ್ದಿತ್ತು. ಗಾಜು ಬದ್ಲಿ ಮಾಡು ಅಂತ ಹೇಳಿ ಕಳಿಸ್ಬೇಕಿತ್ತು."

ಅವಳು ಅಳಲಿಲ್ಲ. ನನ್ನನ್ನು ಕೈಗೆ ತೆಗೆದುಕೊಂಡು ಆ ಕೆಂಪನ್ನು ನೋಡಿದಳು.

"ಸ್ಟ್ಯಾಂಡಿನಾಗ ಬಂದು ಇದನ್ನ ಹೇಳ್ತೀರೇನು?"

"ಹೇಳ್ತೀನಿ, ನಡಿ."

"ಮಾಬೂ, ಕೆಲಸದ ಮ್ಯಾಗ ಆಸಿ ಇಲ್ಲೇನು ನಿನಗ?" ಎಂದು ಪಂಪಣ್ಣ ಹಿಂದಿನಿಂದ ಕೂಗಿದ. ಮಾಬುಸಾಬ್ ಚಪ್ಪಲಿ ಮೆಟ್ಟಿದರು.

ಸ್ಟ್ಯಾಂಡಿನಲ್ಲಿ ನಾನು ಕೈಯಿಂದ ಕೈಗೆ ಹೋದೆ. ಒಬ್ಬೊಬ್ಬರೂ ತೂತಿಗೆ ಕಣ್ಣಿಟ್ಟರು. ಯಾರೂ ಕ್ಷಮೆ ಕೇಳಲಿಲ್ಲ. ಒಬ್ಬ ಮಾತ್ರ ಚಹಾದ ಲೋಟ ಕೆಳಗಿಟ್ಟು, "ಕುಂದ್ರವ್ವಾ," ಎಂದ.

ಮಾಬುಸಾಬ್ ನನ್ನನ್ನು ಅಂಗಡಿಗೆ ಒಯ್ಯದೆ ಅವಳ ಕೈಯಲ್ಲೇ ಬಿಟ್ಟರು. ಈಗ ನಾನು ಹುಲಿಗೆಮ್ಮನ ಮನೆಯ ಗೋಡೆಗೂಡಿನಲ್ಲಿದ್ದೇನೆ. ಕೆಲಸವಿಲ್ಲ, ರಬ್ಬರ್ ಬಾಯಿ ಬಿರಿಯುತ್ತಿದೆ. ಯಾರಾದರೂ ಹಳೆಯ ಮಾತು ಎತ್ತಿದರೆ ಅವಳು ವಾದ ಮಾಡುವುದಿಲ್ಲ. ನನ್ನನ್ನು ಅವರ ಕೈಯಲ್ಲಿಡುತ್ತಾಳೆ.

ಮೊನ್ನೆ ಅತ್ತೆ ಗೂಡು ಒರೆಸುತ್ತ ನನ್ನನ್ನು ನೀರಿಗೆ ಅದ್ದಲು ಹೊರಟಳು.

"ಅದನ್ನ ತೊಳೀಬ್ಯಾಡ್ರಿ," ಎಂದಳು ಹುಲಿಗೆಮ್ಮ.

ಅತ್ತೆ ಕೈ ತಡೆದು, ನನ್ನನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿದಳು.